ಹೃದಯದ ರಂಧ್ರ ಮುಚ್ಚಿದ ಮೇಲೂ ರಕ್ತ ಪರೀಕ್ಷೆಯ ಅಂಕಿ ‘ಹೈ’ ಬಂದರೆ ಏನರ್ಥ?

ಪ್ರಶ್ನೆ: ನನಗೆ 38 ವರ್ಷ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೇ ಇದ್ದ ರಂಧ್ರ, ಅಂದರೆ ಎಎಸ್‌ಡಿ, ಕಳೆದ ವರ್ಷವಷ್ಟೇ ಪತ್ತೆಯಾಯಿತು. ಶ್ವಾಸಕೋಶಕ್ಕೆ ಹೋಗುವ ರಕ್ತ ದೇಹಕ್ಕೆ ಹೋಗುವುದರ ಎರಡೂವರೆ ಪಟ್ಟು ಇದೆ ಎಂದು ರಿಪೋರ್ಟಿನಲ್ಲಿತ್ತು. ನಾಲ್ಕು ತಿಂಗಳ ಹಿಂದೆ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿ, ಪ್ಯಾಚ್ ಹಾಕಿ ರಂಧ್ರ ಮುಚ್ಚಿದರು. ಎನ್‌ಟಿ-ಪ್ರೊಬಿಎನ್‌ಪಿ ಎಂಬ ಪರೀಕ್ಷೆಯ ಅಂಕಿ ಆಪರೇಷನ್ನಿಗೆ ಮೊದಲು 310 ಇತ್ತು, ಡಿಸ್ಚಾರ್ಜ್ ಆಗುವಾಗ 980 ಆಗಿತ್ತು, ಈಗ 240 ಇದೆ. ಲ್ಯಾಬಿನವರು ಈಗಲೂ ಅದರ ಪಕ್ಕದಲ್ಲಿ ‘ಹೈ’ ಎಂದು ಮುದ್ರಿಸಿದ್ದಾರೆ. ಆಪರೇಷನ್ನಿನ ಮರುದಿನ ಟ್ರೊಪೋನಿನ್ 4,000 ದಾಟಿತ್ತೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿದೆ. ಅದು ಹೃದಯಾಘಾತದ ಗುರುತೆಂದು ಓದಿ ಗಾಬರಿಯಾಗಿದೆ. ಎಕೋದಲ್ಲಿ ಸೋರಿಕೆ ಇಲ್ಲ, ಆದರೆ ಬಲ ಹೃತ್ಕುಕ್ಷಿ ಇನ್ನೂ ಸ್ವಲ್ಪ ಹಿಗ್ಗಿದೆ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ದಣಿವಾಗುತ್ತದೆ. ಹುಟ್ಟು ಹೃದಯದೋಷಕ್ಕೇ ಆಪರೇಷನ್ ಆದ ಪರಿಚಿತರೊಬ್ಬರಿಗೆ ಇದೇ ಪರೀಕ್ಷೆಯಲ್ಲಿ 60 ಬಂದಿದೆ. ನನ್ನ ಹೃದಯ ಚೇತರಿಸಿಕೊಳ್ಳುತ್ತಿಲ್ಲವೇ? ಪ್ರತಿ ತಿಂಗಳೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನೀವು ಕೊಟ್ಟಿರುವ ವಿವರಗಳಲ್ಲಿ ಶಸ್ತ್ರಚಿಕಿತ್ಸೆ ವಿಫಲವಾಗಿದೆ ಎನ್ನಲು ಯಾವ ಆಧಾರವೂ ನನಗೆ ಕಾಣುತ್ತಿಲ್ಲ. ರಂಧ್ರ ಪೂರ್ತಿ ಮುಚ್ಚಿದೆ, ಸೋರಿಕೆ ಇಲ್ಲ, ಏರಿದ್ದ ಅಂಕಿ ಆಪರೇಷನ್ನಿಗೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದಿದೆ. ಇವೆಲ್ಲ ಚೇತರಿಕೆಯ ದಾರಿಯಲ್ಲಿರುವ ಹೃದಯದ ಲಕ್ಷಣಗಳೇ. ಆದರೆ ನಿಮ್ಮ ದಣಿವಿಗೆ ಕಾರಣ ಹುಡುಕಲೇಬೇಕು. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ. ನಿಮ್ಮನ್ನು ಪರೀಕ್ಷಿಸದೆ, ಎಕೋ ಚಿತ್ರಗಳನ್ನು ನೋಡದೆ ಬರೆಯುತ್ತಿರುವ ಉತ್ತರ ಇದಾದ್ದರಿಂದ ಔಷಧಿ ಬದಲಿಸುವಂಥ ನಿರ್ಧಾರಗಳು ನಿಮ್ಮ ಹೃದ್ರೋಗ ತಜ್ಞರದ್ದೇ ಆಗಿರಲಿ.

ಈ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಹೃತ್ಕುಕ್ಷಿಯ, ಅಂದರೆ ಹೃದಯದ ಕೆಳಗಿನ ಕೋಣೆಯ, ಗೋಡೆ ಎಳೆದಂತಾಗಿ ಹಿಗ್ಗಿದಾಗ ಅಲ್ಲಿನ ಸ್ನಾಯುಕೋಶಗಳು 108 ಅಮೈನೋ ಆಮ್ಲಗಳ ಒಂದು ಪ್ರೋಟೀನನ್ನು ತಯಾರಿಸುತ್ತವೆ. ಅದು ಎರಡು ತುಂಡಾಗಿ ರಕ್ತಕ್ಕೆ ಸೇರುತ್ತದೆ. 32 ಅಮೈನೋ ಆಮ್ಲಗಳ ಚಿಕ್ಕ ತುಂಡು ಬಿಎನ್‌ಪಿ. ಮೂತ್ರಪಿಂಡಗಳ ಮೂಲಕ ಉಪ್ಪು ಮತ್ತು ನೀರನ್ನು ಹೊರಹಾಕಿಸಿ, ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ಇಳಿಸುವ ಹಾರ್ಮೋನು ಅದು. 76 ಅಮೈನೋ ಆಮ್ಲಗಳ ದೊಡ್ಡ ತುಂಡೇ ನಿಮ್ಮ ರಿಪೋರ್ಟಿನಲ್ಲಿರುವ ಎನ್‌ಟಿ-ಪ್ರೊಬಿಎನ್‌ಪಿ. ಅದಕ್ಕೆ ಅಂಥ ಕೆಲಸವೇನೂ ಇಲ್ಲ, ಆದರೆ ಬಿಎನ್‌ಪಿ ಸುಮಾರು 20 ನಿಮಿಷದಲ್ಲಿ ಅರ್ಧಕ್ಕೆ ಇಳಿಯುವಾಗ ಇದು ಒಂದರಿಂದ ಎರಡು ಗಂಟೆ ತೆಗೆದುಕೊಳ್ಳುವುದರಿಂದ ಅಳೆಯುವುದು ಸುಲಭ. ರಂಧ್ರ ಮುಚ್ಚಿದೆಯೇ, ಹೊಲಿಗೆ ಹಿಡಿದಿದೆಯೇ ಎಂಬುದು ಈ ಪರೀಕ್ಷೆಗೆ ತಿಳಿಯುವುದಿಲ್ಲ. ಹೃದಯದ ಗೋಡೆಗೆ ಒಟ್ಟಾರೆ ಎಷ್ಟು ಎಳೆತವಿದೆ ಎಂಬುದನ್ನಷ್ಟೇ, ಅದೂ ಯಾವ ಕೋಣೆಯ ಗೋಡೆ ಎಂದು ಬೆರಳು ಮಾಡಿ ತೋರಿಸದೆ, ಅದು ಹೇಳುತ್ತದೆ.

ಈಗ ನಿಮ್ಮ ಹೃದಯದೊಳಗೆ ನಡೆದುದನ್ನು ನೋಡೋಣ. ಸುಮ್ಮನೆ ಕುಳಿತಿರುವ ವಯಸ್ಕರ ದೇಹಕ್ಕೆ ಎಡ ಹೃತ್ಕುಕ್ಷಿ ನಿಮಿಷಕ್ಕೆ ಹೆಚ್ಚುಕಡಿಮೆ 5 ಲೀಟರ್ ರಕ್ತ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ರಂಧ್ರವಿಲ್ಲದವರಲ್ಲಿ ಬಲ ಹೃತ್ಕುಕ್ಷಿಯೂ ಶ್ವಾಸಕೋಶಕ್ಕೆ ಅಷ್ಟನ್ನೇ ಕಳಿಸುತ್ತದೆ. ನಿಮ್ಮಲ್ಲಿ ಅನುಪಾತ ಎರಡೂವರೆ ಇತ್ತು, ಅಂದರೆ ಬಲಭಾಗ ನಿಮಿಷಕ್ಕೆ ಹನ್ನೆರಡೂವರೆ ಲೀಟರ್ ರಕ್ತವನ್ನು ತಳ್ಳುತ್ತಿತ್ತು. ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತದಲ್ಲಿ ಏಳೂವರೆ ಲೀಟರ್ ರಂಧ್ರದ ಮೂಲಕ ಮತ್ತೆ ಬಲಕ್ಕೇ ಹರಿದು ಇನ್ನೊಂದು ಸುತ್ತು ಹೊಡೆಯುತ್ತಿತ್ತು. ದಶಕಗಳ ಕಾಲ ಹೀಗೆ ನಡೆದಾಗ ಬಲ ಹೃತ್ಕುಕ್ಷಿ ಹಿಗ್ಗುತ್ತದೆ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ಎಡಕ್ಕೆ ಒತ್ತಿಕೊಳ್ಳುತ್ತದೆ. ಕಡಿಮೆ ರಕ್ತ ತುಂಬಿಯೇ ರೂಢಿಯಾದ ಎಡ ಹೃತ್ಕುಕ್ಷಿ ಸಣ್ಣದಾಗಿ, ಸ್ವಲ್ಪ ಬಿಗಿಯಾಗಿ ಉಳಿಯುತ್ತದೆ. ಆಪರೇಷನ್ನಿಗೆ ಮೊದಲಿನ 310ಕ್ಕೆ ಬಲಭಾಗದ ಈ ಹಿಗ್ಗುವಿಕೆಯೇ ಮುಖ್ಯ ಕಾರಣವಾಗಿದ್ದಿರಬೇಕು.

ರಂಧ್ರ ಮುಚ್ಚಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಬಲಕ್ಕೆ ಸೋರಿ ಹೋಗುತ್ತಿದ್ದ ರಕ್ತ ಇನ್ನು ಮುಂದೆ ಎಡ ಹೃತ್ಕುಕ್ಷಿಗೆ ಇಳಿಯಲೇಬೇಕು. ಬಲಭಾಗದ ಹೊರೆ ಕಡಿಮೆಯಾಗುವ ಹೊತ್ತಿಗೇ ಎಡಭಾಗದ ಗೋಡೆಗೆ ಅಭ್ಯಾಸವಿಲ್ಲದ ಎಳೆತ ಶುರುವಾಗುತ್ತದೆ. ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಡಿವೈಸ್ ಕೂರಿಸಿ ರಂಧ್ರ ಮುಚ್ಚಿಸಿಕೊಂಡವರಲ್ಲೂ ಮೊದಲ ದಿನಗಳಲ್ಲಿ ಈ ಅಂಕಿ ತಾತ್ಕಾಲಿಕವಾಗಿ ಏರಿ ನಂತರ ಇಳಿಯುವುದಕ್ಕೆ ಕಾರಣ ಇದೇ. ನಿಮಗೆ ಅದರ ಜೊತೆಗೆ ದೊಡ್ಡ ಶಸ್ತ್ರಚಿಕಿತ್ಸೆಯೂ ಆಗಿದೆ: ಹೃದಯವನ್ನು ಕೆಲಹೊತ್ತು ನಿಲ್ಲಿಸಿ ರಕ್ತಸಂಚಾರವನ್ನು ಯಂತ್ರಕ್ಕೆ ವಹಿಸಿದ್ದು, ಆಮೇಲೆ ದೇಹದಲ್ಲೆಲ್ಲ ಉಂಟಾದ ಉರಿಯೂತ, ಕೊಟ್ಟ ಡ್ರಿಪ್ ಮತ್ತು ರಕ್ತ, ಎಲ್ಲವೂ ಅಂಕಿಯನ್ನು ಮೇಲಕ್ಕೆ ಒಯ್ಯುತ್ತವೆ. ಹಾಗಾಗಿ ಡಿಸ್ಚಾರ್ಜಿನ ದಿನದ 980ನ್ನು ನಿಮ್ಮ ಹೃದಯದ ಸಾಮರ್ಥ್ಯದ ಅಳತೆಯೆಂದು ತಿಳಿಯಬೇಡಿ. ಶಸ್ತ್ರಚಿಕಿತ್ಸೆಯ ಮೊದಲ ವಾರಗಳ ಅಂಕಿ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯದ್ದೇ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಯಸ್ಸಾದವರಲ್ಲಿ, ಬಹುಕಾಲದಿಂದ ರಕ್ತದೊತ್ತಡ ಇರುವವರಲ್ಲಿ ಎಡ ಹೃತ್ಕುಕ್ಷಿ ತುಂಬ ಬಿಗಿಯಾಗಿದ್ದರೆ ರಂಧ್ರವೇ ಅದಕ್ಕೆ ಒತ್ತಡ ಹೊರಹೋಗುವ ದಾರಿಯಾಗಿರುತ್ತದೆ. ಆ ದಾರಿ ಮುಚ್ಚಿದಾಗ ಒತ್ತಡ ಹಿಂದಕ್ಕೆ ಸರಿದು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅಂಥವರಲ್ಲಿ ಅಂಕಿ ಏರಿದ್ದು ಇಳಿಯುವುದೇ ಇಲ್ಲ, ಉಸಿರಾಟದ ತೊಂದರೆಯೂ ಹೆಚ್ಚುತ್ತದೆ. ಅದಕ್ಕೇ ಅನುಮಾನವಿದ್ದ ಕಡೆ ಬಲೂನಿನಿಂದ ರಂಧ್ರವನ್ನು ಕೆಲವು ನಿಮಿಷ ಮುಚ್ಚಿ, ಒತ್ತಡ ಅಳೆದು ನೋಡಿದ ಮೇಲೆಯೇ ವೈದ್ಯರು ಮುಂದುವರಿಯುತ್ತಾರೆ. 38ರ ವಯಸ್ಸಿನಲ್ಲಿ, 980ರಿಂದ 240ಕ್ಕೆ ಇಳಿದಿರುವ ನಿಮ್ಮ ಚಿತ್ರ ಅದಕ್ಕೆ ಹೊಂದುವುದಿಲ್ಲ.

ಲ್ಯಾಬ್ ‘ಹೈ’ ಎಂದು ಮುದ್ರಿಸುವುದು ಏಕೆ? ತುರ್ತು ಸ್ಥಿತಿಯಲ್ಲಿಲ್ಲದವರಿಗೆ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ಗಡಿ ಮಿಲಿಲೀಟರಿಗೆ 125 ಪಿಕೋಗ್ರಾಂ. ಏದುಸಿರು, ಕಾಲುಬಾವು ಎಂದು ಬಂದವರಲ್ಲಿ ಹೃದಯ ವೈಫಲ್ಯ ಇರಲಾರದು ಎಂದು ಹೇಳಲು ಆ ಗಡಿಯನ್ನು ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಕಡಿಮೆ ಇದ್ದರೆ ಹೃದಯ ವೈಫಲ್ಯ ಬಹುಮಟ್ಟಿಗೆ ಇಲ್ಲ ಎನ್ನಬಹುದು. ಹೆಚ್ಚಿದ್ದರೆ ಇದೆ ಎಂದಾಗುವುದಿಲ್ಲ, ಎಕೋ ಮಾಡಿ ನೋಡಬೇಕು ಎಂದಷ್ಟೇ. ಹುಟ್ಟು ಹೃದಯದೋಷ ಸರಿಪಡಿಸಿಕೊಂಡು ನಾಲ್ಕು ತಿಂಗಳಾದವರು ಮುಟ್ಟಬೇಕಾದ ಗುರಿಯೆಂದು ಯಾರೂ ಅದನ್ನು ನಿಗದಿ ಮಾಡಿಲ್ಲ. ವಯಸ್ಸಾದಂತೆ ಈ ಅಂಕಿ ಏರುತ್ತದೆ; ಒಂದೇ ವಯಸ್ಸಿನ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಿರುತ್ತದೆ; ಮೂತ್ರಪಿಂಡಗಳ ಕೆಲಸ ಕುಂದಿದರೆ ರಕ್ತದಲ್ಲೇ ಉಳಿದುಕೊಂಡು ಏರುತ್ತದೆ; ಬೊಜ್ಜು ಇರುವವರಲ್ಲಿ ತೊಂದರೆ ಇದ್ದೂ ಕಡಿಮೆ ತೋರುತ್ತದೆ. ಹೃದಯದ ಲಯ ತಪ್ಪಿದ್ದರಂತೂ, ಅದರಲ್ಲೂ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ, ಗಣನೀಯವಾಗಿ ಏರುತ್ತದೆ. ಲ್ಯಾಬಿನ ಕಂಪ್ಯೂಟರಿಗೆ ಇದಾವುದೂ ಗೊತ್ತಿರುವುದಿಲ್ಲ. 125ನ್ನು ದಾಟಿದ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಒಂದೇ ಪದವನ್ನು ಮುದ್ರಿಸುತ್ತದೆ.

ಆದ್ದರಿಂದ ಇಂಥ ಸಂದರ್ಭದಲ್ಲಿ ನಾನು ನೋಡುವುದು ವ್ಯಕ್ತಿಯ ಅಂಕಿಯನ್ನು ಅದೇ ವ್ಯಕ್ತಿಯ ಹಿಂದಿನ ಅಂಕಿಯೊಡನೆ ಇಟ್ಟು. ಈ ಹೋಲಿಕೆಯಲ್ಲೂ ಒಂದು ಮಿತಿ ಇದೆ. ಆರೋಗ್ಯ ಸ್ಥಿರವಾಗಿರುವವರಲ್ಲೂ ಈ ಅಂಕಿ ಒಂದು ದಿನದಿಂದ ಇನ್ನೊಂದು ದಿನಕ್ಕೆ ಸಾಕಷ್ಟು ಏರಿಳಿಯುತ್ತದೆ. ಶೇಕಡ 30ರಷ್ಟಾದರೂ ಬದಲಾಗದಿದ್ದರೆ ಅದಕ್ಕೆ ಅರ್ಥ ಕಟ್ಟಲು ಹೋಗಬಾರದು ಎಂಬುದು ರೂಢಿಯಲ್ಲಿರುವ ಅಂದಾಜು. ಮುಂದಿನ ಸಲ ನಿಮಗೆ 270 ಬಂದರೆ ಹೆಚ್ಚಾಯಿತೆಂದು ಹೆದರಬೇಡಿ, 210 ಬಂದರೆ ಗೆದ್ದೆವೆಂದೂ ತಿಳಿಯಬೇಡಿ. ಈ ಅಳತೆಗೋಲಿನಲ್ಲಿ 310 ಮತ್ತು 240ರ ನಡುವಿನ ವ್ಯತ್ಯಾಸವೂ ಅಂಥ ದೊಡ್ಡದಲ್ಲ, ಅದು ಶೇಕಡ 23ರಷ್ಟು ಮಾತ್ರ. ನಿಜಕ್ಕೂ ಮಾತಾಡುವ ಇಳಿತ 980ರಿಂದ 240ಕ್ಕೆ ಆದದ್ದು. ಆಪರೇಷನ್ನಿನ ಪ್ರಭಾವ ಕರಗಿದೆ, ಬಲಭಾಗ ತನ್ನ ಹಳೆಯ ಆಕಾರಕ್ಕೆ ಮರಳುವ ಕೆಲಸ ಇನ್ನೂ ಬಾಕಿ ಇದೆ ಎಂದು ನಾನು ಇದನ್ನು ಓದುತ್ತೇನೆ. ನಿಮ್ಮ ಎಕೋ ರಿಪೋರ್ಟ್ ಹೇಳುವುದೂ ಇದನ್ನೇ.

ಹೊರೆ ಇಳಿಸಿದ ಕೂಡಲೇ ಹೊತ್ತವರ ಬೆನ್ನು ನೆಟ್ಟಗಾಗುವುದಿಲ್ಲ. ಬಲ ಹೃತ್ಕುಕ್ಷಿಯ ಸಂಗತಿಯೂ ಹಾಗೆಯೇ. ರಂಧ್ರ ಮುಚ್ಚಿದ ಮೊದಲ ಕೆಲವು ವಾರಗಳಲ್ಲಿ ಅದು ವೇಗವಾಗಿ ಚಿಕ್ಕದಾಗುತ್ತದೆ, ಏಕೆಂದರೆ ಆಗ ಕಡಿಮೆಯಾಗುವುದು ಒಳಗೆ ತುಂಬುವ ರಕ್ತದ ಪ್ರಮಾಣ. ಆ ನಂತರದ ಇಳಿಕೆ ಸ್ನಾಯುವಿನ ನಾರುಗಳೇ ಮರುಹೊಂದಿಕೆಯಾಗುವ ಕೆಲಸ. ಅದು ನಿಧಾನ, ಆರು ತಿಂಗಳಿಂದ ಒಂದು ವರ್ಷದವರೆಗೂ ನಡೆಯುತ್ತದೆ. ಬಾಲ್ಯದಲ್ಲೇ ಮುಚ್ಚಿಸಿಕೊಂಡವರಲ್ಲಿ ಗಾತ್ರ ಸಾಮಾನ್ಯಕ್ಕೆ ಮರಳುವುದು ಹೆಚ್ಚು. ದೊಡ್ಡವರಾದ ಮೇಲೆ ಮುಚ್ಚಿಸಿಕೊಂಡ ಕೆಲವರಲ್ಲಿ ಅಲ್ಪಸ್ವಲ್ಪ ಹಿಗ್ಗುವಿಕೆ ಉಳಿದೇ ಬಿಡುತ್ತದೆ, ಆದರೂ ಅವರು ಮೊದಲಿಗಿಂತ ಸಲೀಸಾಗಿ ಓಡಾಡಿಕೊಂಡಿರುತ್ತಾರೆ. ನಾಲ್ಕನೇ ತಿಂಗಳಲ್ಲಿ ‘ಸ್ವಲ್ಪ ಹಿಗ್ಗಿದೆ’ ಎಂಬ ಮಾತಿಗೆ ನಾನು ಕಳವಳಪಡುವುದಿಲ್ಲ. ಆಪರೇಷನ್ನಿಗೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬ ಎರಡು ಅಳತೆಗಳನ್ನು ಮಿಲಿಮೀಟರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ವಿಶೇಷಣಗಳಿಗಿಂತ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನಿಮ್ಮ ದೋಷದ ಬಗ್ಗೆ ವೈದ್ಯಶಾಸ್ತ್ರಕ್ಕೆ ದೀರ್ಘಕಾಲದ ಅನುಭವವಿದೆ ಎಂಬುದೂ ಧೈರ್ಯ ಕೊಡುವ ಸಂಗತಿ. ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಜಾನ್ ಗಿಬ್ಬನ್ ಅವರು 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಮಾಡಿದ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆಯೇ 18 ವರ್ಷದ ಯುವತಿಯೊಬ್ಬರ ಎಎಸ್‌ಡಿ ಮುಚ್ಚಿದ್ದು. 1950ರ ದಶಕದ ಕೊನೆಯಲ್ಲಿ ಹೀಗೆ ಆಪರೇಷನ್ ಆದ 123 ಮಂದಿಯನ್ನು ಮೇಯೋ ಕ್ಲಿನಿಕ್ಕಿನ ವೈದ್ಯರು 27ರಿಂದ 32 ವರ್ಷಗಳ ಕಾಲ ಗಮನಿಸಿ 1990ರಲ್ಲಿ ವರದಿ ಪ್ರಕಟಿಸಿದರು. 25 ವರ್ಷಕ್ಕೆ ಮೊದಲೇ ರಂಧ್ರ ಮುಚ್ಚಿಸಿಕೊಂಡವರ ಆಯಸ್ಸು ಉಳಿದ ಜನರಷ್ಟೇ ಇತ್ತು. ಆಮೇಲೆ ಮುಚ್ಚಿಸಿಕೊಂಡವರಿಗೂ ಒಳ್ಳೆಯದಾಗಿತ್ತು, ಆದರೆ ವಯಸ್ಸು ಹೆಚ್ಚಿದ್ದಷ್ಟೂ ಮುಂದೆ ಲಯದ ತೊಂದರೆಗಳು ಕಾಣಿಸಿಕೊಳ್ಳುವುದು ಹೆಚ್ಚಿತ್ತು. ಆ ಕಾಲದ ಶಸ್ತ್ರಚಿಕಿತ್ಸೆಗೂ ಇಂದಿನದಕ್ಕೂ ಬಹಳ ಅಂತರವಿದೆ. ಆದರೂ ‘ರಂಧ್ರ ಮುಚ್ಚಿತು, ಇನ್ನು ವೈದ್ಯರ ಹತ್ತಿರ ಹೋಗುವ ಅಗತ್ಯವಿಲ್ಲ’ ಎಂದು ನಿಮ್ಮ ವಯಸ್ಸಿನವರು ಅಂದುಕೊಳ್ಳಬಾರದು ಎಂಬುದಕ್ಕೆ ಅದು ಸಾಕಷ್ಟು ಕಾರಣ ಕೊಡುತ್ತದೆ.

ಇನ್ನು ಟ್ರೊಪೋನಿನ್. ಎದೆನೋವೆಂದು ಬಂದವರ ರಕ್ತದಲ್ಲಿ ಲೀಟರಿಗೆ ಕೆಲವೇ ಹತ್ತು ನ್ಯಾನೋಗ್ರಾಂ ಕಂಡರೂ ವೈದ್ಯರು ಎಚ್ಚರಗೊಳ್ಳುವುದು ನಿಜ, ಏಕೆಂದರೆ ಅದು ಹೃದಯದ ಸ್ನಾಯುಕೋಶ ಘಾಸಿಗೊಂಡಾಗ ಮಾತ್ರ ಹೊರಬರುವ ಪ್ರೋಟೀನು. ಆದರೆ ನಿಮ್ಮಲ್ಲಿ ಶಸ್ತ್ರವೈದ್ಯರು ಹೃದಯದ ಗೋಡೆಯನ್ನೇ ಕೊಯ್ದು, ಒಳಗೆ ಹೊಲಿಗೆ ಹಾಕಿ, ತಣ್ಣನೆಯ ದ್ರಾವಣದಿಂದ ಅದನ್ನು ನಿಲ್ಲಿಸಿ ಮತ್ತೆ ಚಾಲನೆ ಕೊಟ್ಟಿದ್ದಾರೆ. ಇಷ್ಟಾದ ಮೇಲೆ ಟ್ರೊಪೋನಿನ್ ಏರದೆ ಇರುವುದು ಸಾಧ್ಯವೇ ಇಲ್ಲ. ಎಷ್ಟು ಏರಿದರೆ ಅಪಾಯ ಎಂಬುದನ್ನು ತಿಳಿಯಲು 12 ದೇಶಗಳ 13,862 ಹೃದಯ ಶಸ್ತ್ರಚಿಕಿತ್ಸಾ ರೋಗಿಗಳನ್ನು ಗಮನಿಸಿದ ‘ವಿಷನ್’ ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬೈಪಾಸ್ ಅಥವಾ ಮಹಾಪಧಮನಿಯ ಕವಾಟ ಬದಲಾವಣೆ ಮಾತ್ರ ಆದವರಲ್ಲಿ ಮೊದಲ ದಿನ ಟ್ರೊಪೋನಿನ್-ಐ 5,670 ದಾಟಿದಾಗ, ಉಳಿದ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ 12,981 ದಾಟಿದಾಗ ಮಾತ್ರ ಮುಂದಿನ 30 ದಿನಗಳಲ್ಲಿ ಸಾವಿನ ಅಪಾಯ ಹೆಚ್ಚಾದದ್ದು ಕಂಡುಬಂತು. ಅದು ಹುಟ್ಟು ಹೃದಯದೋಷಕ್ಕೆಂದೇ ನಡೆದ ಅಧ್ಯಯನವಲ್ಲ, ಪರೀಕ್ಷೆಯ ತಯಾರಕರು ಬದಲಾದರೆ ಅಂಕಿಯೂ ಬದಲಾಗುತ್ತದೆ, ಟ್ರೊಪೋನಿನ್-ಟಿ ಮತ್ತು ಐಗಳನ್ನು ಒಂದರೊಡನೊಂದು ಹೋಲಿಸುವಂತೆಯೂ ಇಲ್ಲ. ಆದರೂ ಹೃದಯ ಶಸ್ತ್ರಚಿಕಿತ್ಸೆಯ ಮರುದಿನ ಸಾವಿರಗಳ ಲೆಕ್ಕ ಬರುವುದು ಸಹಜವೆಂಬುದನ್ನು ಅದು ಸ್ಪಷ್ಟಪಡಿಸಿದೆ. ಶಸ್ತ್ರಚಿಕಿತ್ಸೆಯ ವೇಳೆ ಹೃದಯಾಘಾತವಾಯಿತೆನ್ನಲು ಅಂಕಿಯೊಂದೇ ಸಾಲದು. ಇಸಿಜಿಯಲ್ಲಿ ಹೊಸ ಬದಲಾವಣೆ, ಎಕೋದಲ್ಲಿ ಗೋಡೆಯ ಒಂದು ಭಾಗ ಚಲಿಸದಿರುವುದು, ಇಂಥ ಇನ್ನೊಂದು ಪುರಾವೆ ಬೇಕು. ನಿಮ್ಮ ಎಕೋದಲ್ಲಿ ಅಂಥದ್ದೇನೂ ಇಲ್ಲವೆಂದಾದರೆ ಆ 4,000ವನ್ನು ಮನಸ್ಸಿನಿಂದ ತೆಗೆದುಹಾಕಿ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಒಂದು ಪುಟ್ಟ ವಾಕ್ಯ, ಮೆಟ್ಟಿಲು ಹತ್ತಿದರೆ ದಣಿವಾಗುತ್ತದೆ ಎಂಬುದು. ಇದನ್ನು ಎನ್‌ಟಿ-ಪ್ರೊಬಿಎನ್‌ಪಿಯ ತಲೆಗೆ ಕಟ್ಟುವ ಮೊದಲು ಬೇರೆ ಮೂರು ಸರಳ ಸಂಗತಿಗಳನ್ನು ನೋಡಬೇಕು, ಮತ್ತು ಅನೇಕ ಸಲ ಉತ್ತರ ಅಲ್ಲೇ ಸಿಗುತ್ತದೆ. ಒಂದು, ಹಿಮೋಗ್ಲೋಬಿನ್. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಷ್ಟವಾಗುತ್ತದೆ. ಅದರ ಹಿಂದೆಯೇ ಬರುವ ಉರಿಯೂತ ದೇಹದಲ್ಲಿರುವ ಕಬ್ಬಿಣಾಂಶವನ್ನು ಬಳಕೆಗೆ ಬಿಡುವುದಿಲ್ಲ. ಮುಟ್ಟಿನ ಸ್ರಾವ ಹೆಚ್ಚಿರುವ ಹೆಂಗಸರಲ್ಲಿ ಈ ಕೊರತೆ ತಿಂಗಳುಗಟ್ಟಲೆ ತುಂಬುವುದೇ ಇಲ್ಲ. ರಕ್ತಹೀನತೆ ದಣಿವನ್ನು ತರುವುದಲ್ಲದೆ, ಹೃದಯ ಹೆಚ್ಚು ದುಡಿಯುವಂತೆ ಮಾಡಿ ಎನ್‌ಟಿ-ಪ್ರೊಬಿಎನ್‌ಪಿಯನ್ನೂ ಏರಿಸುತ್ತದೆ. ದೇಹದ ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸುವಾಗ, ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣಾಂಶವನ್ನು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೂಡ ಕೇಳಿ, ಏಕೆಂದರೆ ದೇಹದಲ್ಲಿ ಉರಿಯೂತವಿದ್ದಾಗ ಕಬ್ಬಿಣಾಂಶ ಇಲ್ಲದಿದ್ದರೂ ಫೆರಿಟಿನ್ ಸಾಕಷ್ಟಿರುವಂತೆ ತೋರುತ್ತದೆ. ಎರಡನೆಯದು ಥೈರಾಯ್ಡ್, ಒಂದು ಟಿಎಸ್‌ಎಚ್ ಪರೀಕ್ಷೆ ಸಾಕು.

ಮೂರನೆಯದು, ಮತ್ತು ನಿಮ್ಮ ವಿಷಯದಲ್ಲಿ ಬಿಡಲೇಬಾರದ್ದು, ಹೃದಯದ ಲಯ. ಬಲ ಹೃತ್ಕರ್ಣ, ಅಂದರೆ ಬಲಭಾಗದ ಮೇಲಿನ ಕೋಣೆ, ಮೊದಲೇ ಹಿಗ್ಗಿತ್ತು, ಶಸ್ತ್ರಚಿಕಿತ್ಸೆಗೆಂದು ಅದರ ಗೋಡೆಯನ್ನು ಕೊಯ್ದು ಹೊಲಿದಿದ್ದಾರೆ. ಆ ಹೊಲಿಗೆಯ ಗಾಯದ ಗುರುತನ್ನು ಸುತ್ತುತ್ತ ವಿದ್ಯುತ್ ಸಂಕೇತ ತಿರುಗಲು ಶುರುವಾದರೆ ನಾಡಿ ವೇಗವಾಗುತ್ತದೆ. ಕೆಲವರಿಗೆ ಎದೆಬಡಿತ ತಿಳಿಯುತ್ತದೆ, ಕೆಲವರಿಗೆ ಬರೀ ಸುಸ್ತು. ಕುಳಿತಿರುವಾಗಲೂ ನಿಮ್ಮ ನಾಡಿ ನಿಮಿಷಕ್ಕೆ 100ರ ಆಸುಪಾಸಿನಲ್ಲೇ ನಿಂತಿದ್ದರೆ, ಅಥವಾ ಬಡಿತಗಳ ನಡುವಿನ ಅಂತರ ಏರುಪೇರಾಗಿದ್ದರೆ ತಡಮಾಡದೆ ಇಸಿಜಿ ಮಾಡಿಸಿ. ಬಂದು ಹೋಗುವಂತಿದ್ದರೆ 24 ಗಂಟೆಗಳ ಹೋಲ್ಟರ್, ಅಂದರೆ ಮೈಮೇಲೆ ಧರಿಸಿಯೇ ಓಡಾಡುವ ಇಸಿಜಿ, ಬೇಕಾಗುತ್ತದೆ. ಇವು ಮೂರೂ ಸರಿಯಿದ್ದರೆ ಉಳಿಯುವುದು ಅಭ್ಯಾಸ ತಪ್ಪಿದ ಸ್ನಾಯುಗಳ ದಣಿವು. ಎದೆಮೂಳೆ ಕೂಡಿಕೊಳ್ಳಲೆಂದು ವಾರಗಟ್ಟಲೆ ಅಲುಗಾಡದೆ ಇದ್ದವರಿಗೆ ಅದು ಸಹಜ. ಅದಕ್ಕೆ ಮದ್ದು ಮಾತ್ರೆಯಲ್ಲ, ವೈದ್ಯರ ಸಲಹೆಯಂತೆ ದಿನದಿನವೂ ಹೆಚ್ಚಿಸುತ್ತ ಹೋಗುವ ನಡಿಗೆ.

ಪರಿಚಿತರ 60ರ ಬಗ್ಗೆ ಕೇಳಿದ್ದೀರಿ. ಹುಟ್ಟು ಹೃದಯದೋಷ ಎಂಬುದು ಒಂದೇ ಕಾಯಿಲೆಯಲ್ಲ, ಬೇರೆ ಬೇರೆ ರಚನೆಯ ಹತ್ತಾರು ದೋಷಗಳಿಗೆ ಇಟ್ಟ ಸಾಮೂಹಿಕ ಹೆಸರು, ಮತ್ತು ಅವುಗಳಲ್ಲಿ ಒಂದೇ ಅಂಕಿಗೆ ಒಂದೇ ಅರ್ಥವಿರುವುದಿಲ್ಲ. ನಾಲ್ಕು ದೋಷಗಳು ಒಟ್ಟಿಗೆ ಇರುವ ಫ್ಯಾಲೋಸ್ ಟೆಟ್ರಾಲಜಿಗೆ ಬಾಲ್ಯದಲ್ಲೇ ಆಪರೇಷನ್ ಆದವರನ್ನು ನೋಡಿ. ಶ್ವಾಸಕೋಶದ ಕವಾಟ ವರ್ಷಾನುಗಟ್ಟಲೆ ಹಿಂದಕ್ಕೆ ಸೋರಿ ಅವರ ಬಲ ಹೃತ್ಕುಕ್ಷಿ ಹಿಗ್ಗುತ್ತದೆ, ದೊಡ್ಡವರಾದ ಮೇಲೆ ಆ ಕವಾಟವನ್ನು ಬದಲಿಸಬೇಕಾಗುತ್ತದೆ. ಯಾವಾಗ ಬದಲಿಸಬೇಕು ಎಂಬುದನ್ನು ಮುಖ್ಯವಾಗಿ ಲಕ್ಷಣಗಳು ಮತ್ತು ಎಂಆರ್‌ಐ ನಿರ್ಧರಿಸುತ್ತವೆ. ದೇಹದ ಪ್ರತಿ ಚದರ ಮೀಟರ್ ಹೊರಮೈಗೆ ಬಲ ಹೃತ್ಕುಕ್ಷಿಯ ಗಾತ್ರ 160 ಮಿಲಿಲೀಟರ್ ಮುಟ್ಟುವುದು ಅಮೆರಿಕ ಮತ್ತು ಯುರೋಪಿನ ಮಾರ್ಗಸೂಚಿಗಳೆರಡೂ ಗಮನಿಸುವ ಒಂದು ಗಡಿ. ರಕ್ತ ಪರೀಕ್ಷೆ ಅಲ್ಲಿ ಬೆಂಬಲದ ಸಾಕ್ಷಿ ಮಾತ್ರ. ಒಂದೇ ಹೃತ್ಕುಕ್ಷಿ ಇದ್ದು ಫಾಂಟಾನ್ ಶಸ್ತ್ರಚಿಕಿತ್ಸೆ ಆದವರಲ್ಲಿ ಇನ್ನೂ ವಿಚಿತ್ರ. ಅವರ ರಕ್ತ ಪಂಪಿನ ನೆರವಿಲ್ಲದೆ ತಾನಾಗಿಯೇ ಶ್ವಾಸಕೋಶಕ್ಕೆ ಹರಿಯುವುದರಿಂದ ಹೃತ್ಕುಕ್ಷಿಗೆ ತುಂಬುವುದೇ ಕಡಿಮೆ. ಹೊಟ್ಟೆಯಲ್ಲಿ ನೀರು, ಯಕೃತ್ತಿನ ತೊಂದರೆ ಬಂದಿದ್ದರೂ ಎನ್‌ಟಿ-ಪ್ರೊಬಿಎನ್‌ಪಿ ಅಷ್ಟೇನೂ ಏರದೆ ಇರಬಹುದು. ಅವರಲ್ಲಿ ಆಲ್ಬುಮಿನ್ ಮತ್ತು ಯಕೃತ್ತಿನ ಪರೀಕ್ಷೆಗಳಿಗೆ ಹೆಚ್ಚು ಬೆಲೆ. ಇದಕ್ಕೆ ತದ್ವಿರುದ್ಧವಾಗಿ, ಬಲ ಹೃತ್ಕುಕ್ಷಿಯೇ ಇಡೀ ದೇಹಕ್ಕೆ ರಕ್ತ ಒದಗಿಸುವಂಥ ರಚನೆ ಇರುವವರಲ್ಲಿ ಚೆನ್ನಾಗಿದ್ದಾಗಲೂ ಅಂಕಿ ಮೇಲೆಯೇ ಇರುತ್ತದೆ. ನಿಮ್ಮ ಪರಿಚಿತರ ದೋಷ ಯಾವುದು, ಯಾವ ವಯಸ್ಸಿನಲ್ಲಿ ಸರಿಪಡಿಸಿದರು ಎಂಬುದು ತಿಳಿಯದೆ ಅವರ 60ನ್ನೂ ನಿಮ್ಮ 240ನ್ನೂ ಅಕ್ಕಪಕ್ಕ ಇಡುವುದರಿಂದ ನಿಮಗೆ ಸಿಗುವುದು ಚಿಂತೆ ಮಾತ್ರ.

ಹಾಗೆಂದು ಈ ಪರೀಕ್ಷೆಗೆ ಬೆಲೆಯೇ ಇಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರದ ಹೊರರೋಗಿ ವಿಭಾಗಕ್ಕೆ ಬರುತ್ತಿದ್ದ, ಹುಟ್ಟು ಹೃದಯದೋಷವಿರುವ 595 ವಯಸ್ಕರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎನ್‌ಟಿ-ಪ್ರೊಬಿಎನ್‌ಪಿ ಕಡಿಮೆ ಇದ್ದವರಿಗೆ ಮುಂದಿನ ವರ್ಷಗಳಲ್ಲಿ ಸಾವು ಅಥವಾ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಡಿಮೆ ಎಂಬುದು ಅದರಲ್ಲಿ ಎದ್ದು ಕಂಡಿತು. ಅಂದರೆ ಈ ಪರೀಕ್ಷೆ ಧೈರ್ಯ ಹೇಳುವಾಗ ನಂಬಬಹುದಾದಷ್ಟು, ಹೆದರಿಸುವಾಗ ನಂಬುವಂತಿಲ್ಲ. ಅಂಕಿ ಕಡಿಮೆ ಇದ್ದರೆ ನೆಮ್ಮದಿಯಾಗಿ ಮುಂದಿನ ಭೇಟಿಯವರೆಗೆ ಕಾಯಬಹುದು, ಹೆಚ್ಚಿದ್ದರೆ ಕಾರಣ ಹುಡುಕಲು ಶುರುಮಾಡಬೇಕು. ಆ ಅಧ್ಯಯನದಲ್ಲಿ ಟ್ರೊಪೋನಿನ್-ಟಿ ಮತ್ತು ಜಿಡಿಎಫ್-15 ಎಂಬುದನ್ನೂ ಅಳೆದಿದ್ದರು. ಗ್ಯಾಲೆಕ್ಟಿನ್-3, ಎಸ್‌ಟಿ2 ಎಂಬ ಪರೀಕ್ಷೆಗಳೂ ಇವೆ. ಇವು ಸಂಶೋಧಕರಿಗೆ ಬೇಕಾದವು. ನಿಮ್ಮ ಚಿಕಿತ್ಸೆಯನ್ನು ಬದಲಿಸುವಂಥದ್ದೇನನ್ನೂ ಹೇಳಲಾರದ್ದರಿಂದ ಯಾರಾದರೂ ದೊಡ್ಡ ಪ್ಯಾಕೇಜ್ ಮುಂದಿಟ್ಟರೆ ಬೇಡವೆನ್ನಿ.

ಪ್ರತಿ ತಿಂಗಳ ಪರೀಕ್ಷೆಯೂ ಬೇಡ. ಮೇಲೆ ಹೇಳಿದ ಶೇಕಡ 30ರ ಏರಿಳಿತದೊಳಗೆ ತಿಂಗಳಿಗೊಮ್ಮೆ ಹಣ, ನೆಮ್ಮದಿ ಎರಡನ್ನೂ ಕಳೆದುಕೊಳ್ಳುತ್ತೀರಿ. ನನ್ನ ಸಲಹೆ ಇಷ್ಟು: ಆರನೇ ತಿಂಗಳಲ್ಲಿ ಎಕೋ ಮಾಡಿಸುವ ದಿನವೇ ಒಂದು ಸಲ, ವರ್ಷ ತುಂಬಿದಾಗ ಇನ್ನೊಂದು ಸಲ. ವರ್ಷದ ಹೊತ್ತಿಗೆ ನಿಂತ ಅಂಕಿಯೇ ಮುಂದಿನ ಹೋಲಿಕೆಗೆಲ್ಲ ನಿಮ್ಮ ಸ್ವಂತ ಆಧಾರ, ಅದು 90 ಇರಲಿ, 180 ಇರಲಿ. ಆಗಲೇ ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ ಉಸಿರಿನ ಆಮ್ಲಜನಕ ಅಳೆಯುವ ವ್ಯಾಯಾಮ ಪರೀಕ್ಷೆ ಮಾಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಹೃದಯ ಎಷ್ಟು ದುಡಿಯಬಲ್ಲದು ಎಂಬುದನ್ನು ದುಡಿಸಿಯೇ ನೋಡುವ ಪರೀಕ್ಷೆ ಅದು. ನಡುವೆ ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ, ಪಾದ ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಯಾವ ವೇಳಾಪಟ್ಟಿಗೂ ಕಾಯದೆ ವೈದ್ಯರನ್ನು ಕಾಣಿ.

ರಕ್ತ ಕೊಡುವಾಗ ಕೆಲವನ್ನು ನೆನಪಿಡಿ. ಒಂದೇ ಲ್ಯಾಬಿಗೆ ಹೋಗಿ, ಒಂದೇ ಪರೀಕ್ಷೆ ಮಾಡಿಸಿ. ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಎರಡೂ ಹೆಸರಿನಲ್ಲಿ ಹತ್ತಿರವಾದರೂ ಅಂಕಿಗಳಲ್ಲಿ ಬಹಳ ದೂರ. ಕೆಲವು ಲ್ಯಾಬುಗಳು ಪಿಕೋಗ್ರಾಮಿನ ಬದಲು ಲೀಟರಿಗೆ ಪಿಕೋಮೋಲ್ ಎಂದು ಬರೆಯುತ್ತವೆ. ಆಗ ಅದನ್ನು 8.457ರಿಂದ ಗುಣಿಸಿದರೆ ನಿಮಗೆ ಪರಿಚಿತವಾದ ಅಂಕಿ ಸಿಗುತ್ತದೆ. ಇಲ್ಲದಿದ್ದರೆ 28 ಪಿಕೋಮೋಲ್ ನೋಡಿ ಪೂರ್ತಿ ಗುಣವಾಯಿತೆಂದು ಹಿಗ್ಗುವ ಅಪಾಯವಿದೆ, ನಿಜಕ್ಕೂ ಅದು ಹೆಚ್ಚುಕಡಿಮೆ ಅದೇ 240. ಖಾಲಿ ಹೊಟ್ಟೆ ಬೇಕಿಲ್ಲ, ಆದರೆ ಬಿರುಸಿನ ವ್ಯಾಯಾಮ ಮಾಡಿದ ಕೂಡಲೇ ಹೋಗಬೇಡಿ. ಕೂದಲು, ಉಗುರಿನ ಆರೋಗ್ಯಕ್ಕೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ; ಅದು ಟ್ರೊಪೋನಿನ್ ಸೇರಿದಂತೆ ಕೆಲವು ಪರೀಕ್ಷೆಗಳ ಫಲಿತಾಂಶವನ್ನು ಕೆಡಿಸುತ್ತದೆಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಮುಂದೆಂದಾದರೂ ಹೃದಯ ವೈಫಲ್ಯಕ್ಕೆ ಕೊಡುವ, ಸಕುಬಿಟ್ರಿಲ್ ಇರುವ ಮಾತ್ರೆ ಶುರುಮಾಡಿದರೆ ಬಿಎನ್‌ಪಿ ಪರೀಕ್ಷೆಯನ್ನು ಅವಲಂಬಿಸಬಾರದು, ಏಕೆಂದರೆ ಆ ಔಷಧಿಯೇ ಬಿಎನ್‌ಪಿ ಒಡೆಯದಂತೆ ತಡೆಯುತ್ತದೆ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ, ಜ್ವರ. ಶಸ್ತ್ರಚಿಕಿತ್ಸೆಯ ನಂತರ ಸಿಆರ್‌ಪಿ ಎಂಬ ಉರಿಯೂತದ ಸೂಚಕ ಎರಡು ಮೂರು ದಿನಗಳಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಇಳಿದದ್ದು ವಾರಗಳ ನಂತರ ಮತ್ತೆ ಏರಿ, ಜ್ವರವೂ ಉಸಿರೆಳೆದಾಗ ಚುಚ್ಚುವ ಎದೆನೋವೂ ಬಂದರೆ ಹೃದಯದ ಹೊರಪೊರೆಯಲ್ಲಿ ಉರಿಯೂತವಾಗಿ ನೀರು ಸೇರಿರಬಹುದು. ಎಕೋದಲ್ಲಿ ಅದು ಸುಲಭವಾಗಿ ಕಾಣುತ್ತದೆ, ಔಷಧಿಗೆ ಸಾಮಾನ್ಯವಾಗಿ ಬಗ್ಗುತ್ತದೆ. ನಾಲ್ಕು ತಿಂಗಳು ದಾಟಿರುವ ನಿಮಗೆ ಆ ಭಯ ಬಹುತೇಕ ಕಳೆದಿದೆ. ಆದರೆ ನಿಮಗೆ ಹಾಕಿರುವ ಪ್ಯಾಚ್ ಕೃತಕ ವಸ್ತುವಿನದ್ದಾಗಿದ್ದರೆ ಅದರ ಮೇಲೆ ಹೃದಯದ ಒಳಪೊರೆ ಬೆಳೆದು ಮುಚ್ಚಿಕೊಳ್ಳಲು ಸುಮಾರು ಆರು ತಿಂಗಳು ಬೇಕು. ಅಲ್ಲಿಯವರೆಗೆ ಹಲ್ಲು ಕೀಳಿಸುವುದಿದ್ದರೆ, ವಸಡಿನ ಚಿಕಿತ್ಸೆ ಇದ್ದರೆ ದಂತವೈದ್ಯರಿಗೆ ಮೊದಲೇ ತಿಳಿಸಿ, ಅವರು ಮುಂಚಿತವಾಗಿ ಆಂಟಿಬಯಾಟಿಕ್ ಕೊಡುತ್ತಾರೆ. ಕಾರಣ ತಿಳಿಯದ ಜ್ವರ ಕೆಲವು ದಿನ ಬಿಡದೆ ಇದ್ದರೆ ಆಂಟಿಬಯಾಟಿಕ್ ಮಾತ್ರೆ ನುಂಗುವ ಮೊದಲು ಬ್ಲಡ್ ಕಲ್ಚರಿಗೆ ರಕ್ತ ಕೊಡಿ. ಮಾತ್ರೆ ನುಂಗಿದ ಮೇಲೆ ಕೊಟ್ಟರೆ ಹೃದಯಕ್ಕೆ ಅಂಟಿದ ಸೋಂಕು ಇದ್ದರೂ ಕಲ್ಚರಿನಲ್ಲಿ ಬೆಳೆಯದೆ ತಪ್ಪಿಸಿಕೊಳ್ಳಬಹುದು.